ಬಿಡುವಿನ ಮಾತು: ಉಕ್ಕಿನ ಅಂಗಿ

ಕವಚದ ಮೇಲೆ ಮನುಷ್ಯನಿಗಿರುವ ಆಸೆ ಇಂದು ನಿನ್ನೆಯದಲ್ಲ. ನಮ್ಮ ಕರ್ಣನು ಅದನ್ನು ತೊಟ್ಟುಕೊಂಡೇ ಹುಟ್ಟಿದ. ಬ್ರಾಹ್ಮಣ ವೇಷದ ಇಂದ್ರನಿಗೆ ಬಿಚ್ಚಿಕೊಟ್ಟ ಮೇಲೆ ಅವನ ಗತಿ ಏನಾಯಿತೆಂಬುದು ಎಲ್ಲರಿಗೂ ಗೊತ್ತೇ ಇದೆ. ದುರ್ಯೋಧನನು ಕವಚದ ಗೊಡವೆಯೇ ಇಲ್ಲದೆ ಬರಿಯ ಮಂತ್ರಬಲದಿಂದ ವೈಶಂಪಾಯನ ಸರೋವರದ ತಳದಲ್ಲಿ ಹೋಗಿ ಕುಳಿತ. ಭೀಮನ ಬೈಗುಳದ ಬಿಸಿ ಅಲ್ಲಿಗೂ ತಟ್ಟಿತೆಂಬುದು ಬೇರೆ ಮಾತು. ಈಗಿನ ಮಕ್ಕಳಿಗೆ ಇವರಿಬ್ಬರಿಗಿಂತ ಹತ್ತಿರದ ನೆಂಟನೆಂದರೆ ಐರನ್ ಮ್ಯಾನ್ ಎಂಬ ಮಹಾನುಭಾವ. ಈತ ೧೯೬೩ರಲ್ಲಿ ಅಮೆರಿಕದ ಚಿತ್ರಕಥೆಯ ಪುಸ್ತಕವೊಂದರಲ್ಲಿ ಹುಟ್ಟಿದವನು. ೨೦೦೮ರ ಸಿನಿಮಾದ ಮೂಲಕ ನಮ್ಮ ನಮ್ಮ ಮನೆಗಳ ಒಳಗೂ ಬಂದ. ಕೆಂಪು ಬಂಗಾರದ ಬಣ್ಣದ ಲೋಹದ ಅಂಗಿ ತೊಟ್ಟರೆ ಹಾರಬಲ್ಲ, ಗೋಡೆ ಒಡೆಯಬಲ್ಲ, ಬೆಂಕಿಯಲ್ಲಿ ನಡೆಯಬಲ್ಲ, ನೀರಿನಲ್ಲಿ ಇಳಿಯಬಲ್ಲ. ಅಂಗಿ ಬಿಚ್ಚಿದರೆ ನಮ್ಮ ನಿಮ್ಮಂತೆಯೇ ಕಾಫಿ ಕುಡಿಯುವ ಮನುಷ್ಯ.

ಇಂಥ ಅಂಗಿ ನಿಜವಾಗಿ ಉಂಟೇ ಎಂದು ಮಕ್ಕಳು ಕೇಳದ ಮನೆ ಇರಲಾರದು. "ಅದೆಲ್ಲ ಸುಳ್ಳು, ಹೋಗಿ ಓದಿಕೋ" ಎಂದುಬಿಡುವುದು ಸುಲಭ. ಆದರೆ ಹೊಟ್ಟೆಪಾಡಿಗಾಗಿ ವಿಶಾಖಪಟ್ಟಣಕ್ಕೂ ವಿಜಯವಾಡಕ್ಕೂ ಬಂದು ನೆಲಸಿರುವ ನಮ್ಮಂಥ ಕನ್ನಡ ಕುಟುಂಬಗಳು ಹಾಗೆ ಹೇಳಿದರೆ ನಾವಿರುವ ಊರಿಗೇ ಅನ್ಯಾಯ ಮಾಡಿದಂತಾಗುತ್ತದೆ. ಆ ಅಂಗಿಯ ಹತ್ತಿರದ ಸಂಬಂಧಿ ಈ ಊರಿನ ಕಡಲಲ್ಲೇ ಉಂಟು. ಆದ್ದರಿಂದ ಈ ಸಲ ನಾವು ಆ ಅಂಗಿಯನ್ನೇ ಹೊಲಿಗೆ ಹೊಲಿಗೆಯಾಗಿ ಬಿಚ್ಚಿ ನೋಡೋಣವೆಂದು ಹೊರಟಿದ್ದೇವೆ.

ಮೊದಲು ಬಲದ ಮಾತು. ತೊಟ್ಟವನ ಕೈಗೆ ಇಪ್ಪತ್ತೈದು ಆಳಿನ ಶಕ್ತಿ ಬರುವಂಥ ಯಂತ್ರದ ಅಂಗಿಯನ್ನು ಮಾಡಲು ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪನಿಯವರು ೧೯೬೫ರಲ್ಲೇ ಕೈಹಾಕಿದರು. ಹಾರ್ಡಿಮನ್ ಎಂದು ಅದರ ಹೆಸರು. ಸುಮಾರು ೬೮೦ ಕಿಲೋ ಭಾರವನ್ನು ಎತ್ತಬೇಕೆಂಬುದು ಉದ್ದೇಶ. ಅಂಗಿಯ ತೂಕವೂ ಹೆಚ್ಚುಕಡಿಮೆ ಅಷ್ಟೇ ಆಯಿತು! ಒಂದು ಕೈ ಮಾತ್ರ ಹೇಳಿದ ಮಾತು ಕೇಳಿತು. ಎರಡು ಕೈ, ಎರಡು ಕಾಲು ಸೇರಿಸಿ ಚಾಲೂ ಮಾಡಿದರೆ ಇಡೀ ಯಂತ್ರವೇ ಮೈಮೇಲೆ ಬಂದವರಂತೆ ಅಡ್ಡಾದಿಡ್ಡಿ ಕುಣಿಯತೊಡಗಿತು. ಒಳಗೆ ಮನುಷ್ಯನನ್ನು ಕೂರಿಸಿ ಅದನ್ನು ಪೂರ್ತಿಯಾಗಿ ನಡೆಸುವ ಧೈರ್ಯ ಯಾರಿಗೂ ಬರಲಿಲ್ಲ. ಅಂದಿನಿಂದ ವಿದ್ಯೆ ಬಹಳ ಮುಂದೆ ಬಂದಿದೆ. ಕಾಲಿನ ಸ್ವಾಧೀನ ತಪ್ಪಿದವರನ್ನು ಎಬ್ಬಿಸಿ ನಾಲ್ಕು ಹೆಜ್ಜೆ ನಡೆಸುವ ಯಂತ್ರದ ಕಾಲುಗಳು ಆಸ್ಪತ್ರೆಗಳಿಗೆ ಬಂದಿವೆ. ಗೋಡೆ ಒಡೆಯುವುದಕ್ಕಿಂತ ಅದು ದೊಡ್ಡ ಸಾಹಸವೆಂದೇ ನಮ್ಮ ಭಾವನೆ.

ಇನ್ನು ಹಾರಾಟ. ಬೆನ್ನಿಗೆ ರಾಕೆಟ್ಟು ಕಟ್ಟಿಕೊಂಡು ಹಗ್ಗದ ಆಸರೆಯಿಲ್ಲದೆ ಮನುಷ್ಯನು ಹಾರಿದ್ದು ೧೯೬೧ರ ಏಪ್ರಿಲಿನಲ್ಲಿ, ಅಮೆರಿಕದ ಬೆಲ್ ಕಂಪನಿಯವರ ಯಂತ್ರದಿಂದ. ಆದರೆ ಅದರಲ್ಲಿ ತುಂಬಿದ ಇಂಧನ ೨೧ ಸೆಕೆಂಡಿಗೆ ಮುಗಿಯುತ್ತಿತ್ತು. ನಮ್ಮ ಕಚೇರಿಯಲ್ಲಿ ಒಂದು ರುಜು ಬೀಳುವುದಕ್ಕೂ ಅದಕ್ಕಿಂತ ಹೆಚ್ಚು ಹೊತ್ತು ಬೇಕು. ಈಗ ಕೈಗೂ ಬೆನ್ನಿಗೂ ಪುಟ್ಟ ಜೆಟ್ ಎಂಜಿನ್ ಕಟ್ಟಿಕೊಂಡು ಕೆಲವು ನಿಮಿಷ ಹಾರುವ ಉಡುಪುಗಳು ಬಂದಿವೆ. ನಮ್ಮ ಭೂಸೇನೆಯೂ ಅಂಥ ೪೮ ಉಡುಪುಗಳಿಗಾಗಿ ೨೦೨೩ರ ಜನವರಿಯಲ್ಲಿ ಟೆಂಡರ್ ಕರೆದಿತ್ತು. ಆದರೂ ಲೆಕ್ಕ ಕೆಲವೇ ನಿಮಿಷದ್ದು.

ಏಕೆ ಹೀಗೆ? ಕಥೆಯ ನಾಯಕನ ಎದೆಯಲ್ಲಿ ಎಂದೂ ಬತ್ತದ ಶಕ್ತಿಯ ಚಕ್ರವೊಂದು ಹೊಳೆಯುತ್ತದೆ. ಅದೊಂದೇ ಆ ಕಥೆಯಲ್ಲಿನ ದೊಡ್ಡ ಸುಳ್ಳು. ಮಿಕ್ಕ ಸುಳ್ಳುಗಳೆಲ್ಲ ಅದರ ಮಕ್ಕಳು. ಒಂದು ಕಿಲೋ ಪೆಟ್ರೋಲಿನಲ್ಲಿ ಅಡಗಿರುವ ಶಕ್ತಿ ಈಗಿನ ಒಳ್ಳೆಯ ಬ್ಯಾಟರಿಯ ಒಂದು ಕಿಲೋದಲ್ಲಿರುವುದಕ್ಕಿಂತ ಸುಮಾರು ೪೦–೫೦ ಪಟ್ಟು ಹೆಚ್ಚು. ಬ್ಯಾಟರಿ ಹೊತ್ತರೆ ಭಾರ. ಪೆಟ್ರೋಲು ಹೊತ್ತರೆ ಬೆನ್ನಮೇಲೆ ಬೆಂಕಿ. ಒಂಟಿ ಮನುಷ್ಯನು ತನಗೆ ಬೇಕಾದ ಶಕ್ತಿಯನ್ನೆಲ್ಲ ತಾನೇ ಹೊತ್ತು ಲೋಕ ಸುತ್ತುವ ಉಪಾಯ ಇನ್ನೂ ಯಾರ ಕೈಗೂ ಸಿಕ್ಕಿಲ್ಲ. ನಿಜವಾದ ಕವಚಗಳಲ್ಲಿ ಹಲವು ಈ ತೊಡಕಿಗೆ ಒಂದೇ ದಾರಿ ಹಿಡಿದಿವೆ: ಶಕ್ತಿಯನ್ನು ಬೇರೆಯವರ ಬಳಿ ಇಟ್ಟು, ನಡುವೆ ಒಂದು ಕೊಳವೆ ಎಳೆದುಕೊಂಡಿವೆ. ಅದನ್ನು ನೋಡಬೇಕಾದರೆ ಸಮುದ್ರಕ್ಕೆ ಬರಬೇಕು.

ವಿಶಾಖಪಟ್ಟಣಕ್ಕೆ ಬಂದ ನೆಂಟರನ್ನು ನಾವೆಲ್ಲ ತಪ್ಪದೆ ಕರೆದೊಯ್ಯುವ ಜಾಗ ರಾಮಕೃಷ್ಣಾ ಬೀಚಿನ ಕುರ್ಸುರಾ ಜಲಾಂತರ್ಗಾಮಿ. ೧೯೬೯ರಲ್ಲಿ ನೌಕಾಪಡೆಗೆ ಸೇರಿ ೨೦೦೧ರಲ್ಲಿ ನಿವೃತ್ತವಾಗಿ, ೨೦೦೨ರಿಂದ ಮರಳಿನ ಮೇಲೆ ವಸ್ತುಪ್ರದರ್ಶನವಾಗಿ ನಿಂತಿದೆ. ಸುಮಾರು ೯೧ ಮೀಟರ್ ಉದ್ದದ ಈ ನಾವೆಯೂ ಒಂದು ಕವಚವೇ. ಒಬ್ಬನ ಬದಲು ಎಪ್ಪತ್ತೈದು ಜನ ಒಟ್ಟಿಗೆ ತೊಟ್ಟುಕೊಳ್ಳುವ ಉಕ್ಕಿನ ಅಂಗಿ. ಒಳಗಿನ ದುಂಡನೆಯ ಬಾಗಿಲುಗಳಲ್ಲಿ ತಲೆ ಬಗ್ಗಿಸಿ, ಕಾಲೆತ್ತಿ, ಸೀರೆಯ ನೆರಿಗೆ ಹಿಡಿದು ದಾಟುವಾಗ ನಮ್ಮ ಹೆಂಗಸರು "ಇದರೊಳಗೆ ತಿಂಗಳುಗಟ್ಟಲೆ ಹೇಗಪ್ಪಾ ಇರುತ್ತಿದ್ದರು!" ಎನ್ನುವುದುಂಟು. ಇದೇ ತೀರದ ಹತ್ತಿರ ೧೯೭೧ರ ಡಿಸೆಂಬರಿನಲ್ಲಿ ಪಾಕಿಸ್ತಾನದ ಗಾಜಿ ಎಂಬ ಜಲಾಂತರ್ಗಾಮಿ ಮುಳುಗಿತು. ಒಳಗಿದ್ದವರಲ್ಲಿ ಒಬ್ಬರೂ ಉಳಿಯಲಿಲ್ಲ. ಶತ್ರುಗಳಾದರೂ ಅವರೂ ತಾಯಿಯ ಮಕ್ಕಳೇ. ಕವಚವು ಕೈಕೊಟ್ಟರೆ ಅದೇ ಪೆಟ್ಟಿಗೆಯಾಗುತ್ತದೆಂಬುದನ್ನು ನಮ್ಮೂರ ಕಡಲು ಚೆನ್ನಾಗಿ ಬಲ್ಲದು.

ಅಂಥ ಪೆಟ್ಟಿಗೆಯಿಂದ ಜನರನ್ನು ಪಾರುಮಾಡುವುದಕ್ಕೆಂದೇ ಒಂದು ಹಡಗು ಈಗ ಇಲ್ಲಿದೆ. ಹೆಸರು ನಿಸ್ತಾರ್. ನಿಸ್ತಾರವೆಂದರೆ ದಾಟಿಸುವುದು, ಪಾರುಗಾಣಿಸುವುದು ಎಂದು ನಮ್ಮ ವಾಚಕರಿಗೆ ಹೇಳಬೇಕಾಗಿಲ್ಲ. ಈ ಊರಿನ ಹಿಂದುಸ್ತಾನ್ ಶಿಪ್‌ಯಾರ್ಡಿನಲ್ಲೇ ಕಟ್ಟಿದ್ದು. ಸುಮಾರು ೧೨೦ ಮೀಟರ್ ಉದ್ದ, ಹತ್ತು ಸಾವಿರ ಟನ್ನಿನಷ್ಟು ತೂಕ. ೨೦೨೫ರ ಜುಲೈ ೧೮ರಂದು ಇಲ್ಲಿಯೇ ನೌಕಾಪಡೆಗೆ ಸೇರಿತು. ೩೦೦ ಮೀಟರ್ ಆಳದವರೆಗೆ ಮುಳುಗುಗಾರರನ್ನು ಇಳಿಸಿ ಕೆಲಸ ಮಾಡಿಸುವ ಏರ್ಪಾಡು ಅದರಲ್ಲಿದೆ.

ಮುನ್ನೂರು ಮೀಟರ್ ಎಂದರೆ ಏನು? ನೀರಿನಲ್ಲಿ ಹತ್ತು ಮೀಟರ್ ಇಳಿದಂತೆಲ್ಲ ಮೈಯ ಪ್ರತಿ ಚದರ ಸೆಂಟಿಮೀಟರಿನ ಮೇಲೆ ಸುಮಾರು ಒಂದೊಂದು ಕಿಲೋ ಭಾರ ಏರುತ್ತ ಹೋಗುತ್ತದೆ. ಮುನ್ನೂರು ಮೀಟರಿನಲ್ಲಿ ಹೆಬ್ಬೆರಳಿನ ಉಗುರಿನಷ್ಟು ಜಾಗದ ಮೇಲೆ ಮೂವತ್ತು ಕಿಲೋ. ಒಂದು ಮೂಟೆ ಸೋನಾ ಮಸೂರಿಯನ್ನು ಹೊತ್ತಂತೆ. ಇದನ್ನು ಎದುರಿಸಲು ಮನುಷ್ಯನು ಎರಡು ದಾರಿ ಕಂಡುಕೊಂಡಿದ್ದಾನೆ.

ಒಂದು ದಾರಿ ಸಿನಿಮಾದವನದೇ: ನೀರಿನ ಭಾರವನ್ನೆಲ್ಲ ಲೋಹದ ಅಂಗಿಯೇ ಹೊರಲಿ, ಒಳಗಿನವನು ಮನೆಯ ಪಡಸಾಲೆಯಲ್ಲಿ ಕುಳಿತಂತೆ ಮಾಮೂಲು ಗಾಳಿಯನ್ನೇ ಉಸಿರಾಡಲಿ. ಇದರ ಕಷ್ಟವೆಲ್ಲ ಕೀಲುಗಳಲ್ಲಿ. ನೀರು ಒತ್ತಿದಾಗ ಮೊಣಕೈ ಮೊಣಕಾಲುಗಳು ತುಕ್ಕು ಹಿಡಿದ ಬೀಗದಂತೆ ಬಿಗಿದುಕೊಳ್ಳುತ್ತವೆ. ಜೋಸೆಫ್ ಪೆರೆಸ್ ಎಂಬ ಎಂಜಿನಿಯರು ಕೀಲುಗಳಲ್ಲಿ ದ್ರವ ತುಂಬಿ ಒತ್ತಡವನ್ನು ಸರಿತೂಗಿಸುವ ಉಪಾಯ ಹೂಡಿದರು. ಅವರ ಅಂಗಿಯನ್ನು ತೊಟ್ಟು ಜಿಮ್ ಜಾರೆಟ್ ಎಂಬ ಮುಳುಗುಗಾರರು ೧೯೩೫ರಲ್ಲಿ ಲುಸಿಟಾನಿಯಾ ಹಡಗಿನ ಅವಶೇಷದ ಬಳಿ ಇಳಿದರು. ಮುಂದೆ ಅದೇ ಮಾದರಿ ಸುಧಾರಿಸಿ ಬಂದಾಗ ಆ ಮುಳುಗುಗಾರರ ನೆನಪಿಗೆ ಜಿಮ್ ಎಂದೇ ಹೆಸರಿಟ್ಟರು. ಅದನ್ನು ತೊಟ್ಟು ಸಿಲ್ವಿಯಾ ಅರ್ಲ್ ಎಂಬ ಮಹಿಳಾ ವಿಜ್ಞಾನಿ ೧೯೭೯ರಲ್ಲಿ ಹವಾಯಿ ದ್ವೀಪಗಳ ಬಳಿ ೩೮೧ ಮೀಟರ್ ಆಳದ ನೆಲದ ಮೇಲೆ ನಡೆದಾಡಿ ಬಂದರು. ಕೆನಡಾದ ಫಿಲ್ ನ್ಯೂಟನ್ ಎಂಬವರು ಸುಲಭವಾಗಿ ತಿರುಗುವ ಕೀಲನ್ನು ರೂಪಿಸಿದ ಮೇಲೆ ಅಂಗಿಗೆ ವಿದ್ಯುತ್ ಪಂಖಗಳೂ ಬಂದವು. ಪಾದದಿಂದ ಒತ್ತಿದರೆ ತೊಟ್ಟವನು ನೀರಿನಲ್ಲಿ ತೇಲಿ ತಿರುಗುತ್ತಾನೆ. ೨೦೦೬ರಲ್ಲಿ ಅಮೆರಿಕದ ನೌಕಾಪಡೆಯ ಮುಳುಗುಗಾರರೊಬ್ಬರು ಇಂಥ ಅಂಗಿಯಲ್ಲಿ ಸುಮಾರು ೬೧೦ ಮೀಟರ್ ಇಳಿದರು. ಲೋಹದ ಮೈ, ಇಕ್ಕಳದಂಥ ಕೈ, ಗಾಜಿನ ಮುಖ, ಬೆನ್ನಲ್ಲಿ ಪಂಖ: ಮಕ್ಕಳು ಕೇಳಿದ ಅಂಗಿ ಇದೇ. ಆದರೆ ಇದನ್ನು ತೊಟ್ಟವನು ಬೆರಳಿನಿಂದ ಗಂಟು ಬಿಚ್ಚಲಾರ, ಬೆನ್ನು ತುರಿಸಿಕೊಳ್ಳಲಾರ.

ಎರಡನೆಯ ದಾರಿ ವಿಚಿತ್ರವಾದದ್ದು. ನೀರಿನ ಒತ್ತಡವನ್ನು ತಡೆಯುವುದೇ ಬೇಡ, ಮೈಯೊಳಗೂ ಅಷ್ಟೇ ಒತ್ತಡ ತುಂಬಿಬಿಡೋಣ ಎಂಬುದು. ನಿಸ್ತಾರ್‌ನಂಥ ಹಡಗುಗಳಲ್ಲಿ ಒಂದು ಉಕ್ಕಿನ ಕೋಣೆ ಇರುತ್ತದೆ. ಮುಳುಗುಗಾರರು ಇಳಿಯುವ ಮೊದಲೇ ಆ ಕೋಣೆಯಲ್ಲಿ ಸಮುದ್ರದ ಆಳದ ಒತ್ತಡವನ್ನು ಏರಿಸಿ, ಅಲ್ಲೇ ದಿನಗಟ್ಟಲೆ ಊಟ, ನಿದ್ದೆ. ಉಸಿರಿಗೆ ಹೀಲಿಯಂ ಬೆರೆತ ಆಮ್ಲಜನಕ. ಮಾತಾಡಿದರೆ ಬಾತುಕೋಳಿಯ ದನಿ. ಕೆಲಸ ಮುಗಿದ ಕೂಡಲೇ ಹೊರಗೆ ಬರುವಂತಿಲ್ಲ. ಗೋಲಿ ಸೋಡಾದ ಗೋಲಿ ಒತ್ತಿದಾಗ ಗುಳ್ಳೆ ನುಗ್ಗುವುದನ್ನು ನೋಡಿದ್ದೀರಷ್ಟೆ. ಒತ್ತಡ ತಟ್ಟನೆ ಇಳಿದರೆ ರಕ್ತದಲ್ಲಿಯೂ ಹಾಗೆಯೇ ಗುಳ್ಳೆ ಏಳುತ್ತವೆ. ಅದು ಪ್ರಾಣಕ್ಕೇ ಮುಳುವು. ಮೂವತ್ತು ಮೀಟರಿಗೆ ಸುಮಾರು ಒಂದು ದಿನದ ಲೆಕ್ಕದಲ್ಲಿ ಒತ್ತಡವನ್ನು ನಿಧಾನವಾಗಿ ಇಳಿಸಬೇಕು. ಅಂತರಿಕ್ಷ ನಿಲ್ದಾಣದಿಂದ ಭೂಮಿಗೆ ಕೆಲವು ಗಂಟೆಗಳಲ್ಲಿ ಮರಳಬಹುದು. ಮುನ್ನೂರು ಮೀಟರ್ ನೀರಿನಿಂದ ಮನೆಗೆ ಬರಲು ಹತ್ತು ಹನ್ನೊಂದು ದಿನ! ಪ್ರಯಾಣದ ಅವಧಿಯೆಂದು ರಜೆ ಬರೆದುಕೊಡಬೇಕಾದ ಗುಮಾಸ್ತನ ಪಾಡು ಏನೋ ಎಂದು ನಮಗೆ ಕುತೂಹಲ.

ಈ ಮುಳುಗುಗಾರನ ಅಂಗಿಗೆ ಮೇಲಿನಿಂದ ಒಂದು ದಪ್ಪ ಕೊಳವೆಯ ಕಂತೆ ಬರುತ್ತದೆ. ಉಸಿರು, ಮೈ ಬೆಚ್ಚಗಿಡುವ ಬಿಸಿನೀರು, ದೀಪಕ್ಕೆ ವಿದ್ಯುತ್ತು, ಮಾತಿಗೆ ಟೆಲಿಫೋನು, ಎಲ್ಲವೂ ಅದರಲ್ಲೇ. ಆ ಕೆಲಸದವರು ಅದನ್ನು ಅಂಬಿಲಿಕಲ್ ಎನ್ನುತ್ತಾರೆ. ಎಂದರೆ ನಮ್ಮ ಹೊಕ್ಕುಳಬಳ್ಳಿ. ಅದನ್ನು ಹಿಡಿದು, ಸಡಿಲಿಸುತ್ತ ಬಿಗಿಯುತ್ತ ನಿಲ್ಲುವವನಿಗೆ ಟೆಂಡರ್ ಎಂದು ಹೆಸರು. ಟೆಂಡರೆಂದರೆ ಮೊಹರು ಹಾಕಿದ ಲಕೋಟೆಯೆಂದೇ ತಿಳಿದಿದ್ದ ನಮಗೆ ಈ ಅರ್ಥ ಬಹಳ ಹಿಡಿಸಿತು. ಹಗ್ಗದಲ್ಲಿ ಮಾತಾಡುವ ಹಳೆಯ ಪದ್ಧತಿಯೊಂದಿದೆ. ಮೇಲಿನವನು ಒಮ್ಮೆ ಎಳೆದರೆ "ಕ್ಷೇಮವೇ?" ಎಂದು ಅರ್ಥ; ಕೆಳಗಿನವನು ಒಮ್ಮೆ ಎಳೆದರೆ "ಕ್ಷೇಮ". ನಾಲ್ಕು ಸಲ ಎಳೆದರೆ "ನನ್ನನ್ನು ಮೇಲಕ್ಕೆತ್ತಿ". ದೂರದೂರಿಗೆ ಹೋದ ಮಗನಿಗೆ ತಾಯಿ ಬರೆಯುತ್ತಿದ್ದ ಕಾರ್ಡಿನಲ್ಲೂ ಇಷ್ಟೇ ಇರುತ್ತಿತ್ತಲ್ಲವೇ?

ಈ ಬಳ್ಳಿ ಹರಿದರೆ? ೨೦೧೨ರ ಸೆಪ್ಟೆಂಬರಿನಲ್ಲಿ ಬ್ರಿಟನ್ನಿನ ಉತ್ತರ ಸಮುದ್ರದಲ್ಲಿ ಹಾಗೆಯೇ ಆಯಿತು. ಕ್ರಿಸ್ ಲೆಮನ್ಸ್ ಎಂಬ ಮುಳುಗುಗಾರರು ಸುಮಾರು ೯೦ ಮೀಟರ್ ಆಳದಲ್ಲಿ ಕೆಲಸದಲ್ಲಿದ್ದಾಗ, ಬಿರುಗಾಳಿಯಲ್ಲಿ ಹಡಗನ್ನು ಒಂದೇ ಕಡೆ ನಿಲ್ಲಿಸುವ ಯಂತ್ರ ಕೆಟ್ಟು ಹಡಗು ಸರಿಯತೊಡಗಿತು. ಬಳ್ಳಿ ಕಬ್ಬಿಣಕ್ಕೆ ಸಿಕ್ಕಿ ತುಂಡಾಯಿತು. ಬೆನ್ನಿನ ಸಿಲಿಂಡರಿನಲ್ಲಿ ಕೆಲವೇ ನಿಮಿಷದ ಉಸಿರು. ಹಡಗಿನವರು ಯಂತ್ರವನ್ನು ಸರಿಪಡಿಸಿ ಹಿಂದಕ್ಕೆ ಬರುವ ಹೊತ್ತಿಗೆ ಅರ್ಧ ಗಂಟೆಯ ಮೇಲಾಗಿತ್ತು. ಹೆಣವೇ ಸಿಗುವುದೆಂದು ಎಲ್ಲರೂ ನಂಬಿದ್ದರು. ಜೊತೆಗಾರ ಡೇವ್ ಯುವಾಸಾ ಆ ಕತ್ತಲಿಗೆ ಮತ್ತೆ ಇಳಿದು ಅವರನ್ನು ಎಳೆದು ತಂದರು. ಇನ್ನೊಬ್ಬ ಜೊತೆಗಾರ ಡಂಕನ್ ಆಲ್ಕಾಕ್ ಬಾಯಿಗೆ ಬಾಯಿಟ್ಟು ಎರಡು ಸಲ ಉಸಿರು ಊದಿದರು. ಲೆಮನ್ಸ್ ಕಣ್ಣು ಬಿಟ್ಟರು! ಚಳಿನೀರು ಮಿದುಳನ್ನು ಕಾಪಾಡಿತೆಂದೂ ಒತ್ತಡದಲ್ಲಿ ದೇಹ ಹೀರಿದ್ದ ಆಮ್ಲಜನಕ ನೆರವಾಯಿತೆಂದೂ ಹೇಳುತ್ತಾರೆ. ಇರಬಹುದು. ಆದರೆ ಹುಡುಕಿಕೊಂಡು ಇಳಿದವನು ಇರದಿದ್ದರೆ ಇವೆರಡೂ ಏನು ಮಾಡುತ್ತಿದ್ದವು?

ಇನ್ನು ವಿಜಯವಾಡದ ಕಡೆಗೆ ಬರೋಣ. ಅಲ್ಲಿನ ವಾಚಕರು ೨೦೨೪ರ ಸೆಪ್ಟೆಂಬರನ್ನು ಮರೆತಿರಲಾರರು. ಬುಡಮೇರು ತೊರೆ ಉಕ್ಕಿ ಸಿಂಗ್ ನಗರದ ಮನೆಗಳಿಗೆ ನೀರು ನುಗ್ಗಿದ ದಿನಗಳಲ್ಲೇ ಕೃಷ್ಣೆಯೂ ಉಕ್ಕಿದಳು. ೧೯೫೭ರ ಪ್ರಕಾಶಂ ಬ್ಯಾರೇಜಿನ ಎಪ್ಪತ್ತು ಬಾಗಿಲುಗಳ ಮೂಲಕ ೧೧.೪೩ ಲಕ್ಷ ಕ್ಯೂಸೆಕ್ ನೀರು ಹರಿಯಿತು. ಅಷ್ಟು ನೀರನ್ನು ಆ ಬ್ಯಾರೇಜು ಅದುವರೆಗೆ ಕಂಡಿರಲಿಲ್ಲ. ಪ್ರವಾಹದಲ್ಲಿ ಕೊಚ್ಚಿಬಂದ ಭಾರಿ ದೋಣಿಗಳು ಬಾಗಿಲುಗಳ ಬಳಿ ಬಡಿದು, ಬಾಗಿಲನ್ನು ಸರಿತೂಗಿಸುವ ತೂಕದ ತೊಲೆಗಳನ್ನು ಮುರಿದು, ಅಲ್ಲೇ ಸಿಕ್ಕಿಕೊಂಡವು. ತೊಲೆಗಳ ದುರಸ್ತಿಗೆ ಬಂದವರು ಕನ್ನಯ್ಯ ನಾಯ್ಡು. ಎಪ್ಪತ್ತು ದಾಟಿದ ಈ ಎಂಜಿನಿಯರರ ಹೆಸರು ಕನ್ನಡಿಗರಿಗೆ ಹೊಸತಲ್ಲ. ಆಗಸ್ಟ್ ೧೦ರ ರಾತ್ರಿ ಹೊಸಪೇಟೆಯ ತುಂಗಭದ್ರಾ ಅಣೆಕಟ್ಟಿನ ೧೯ನೆಯ ಗೇಟು ಸರಪಣಿ ಹರಿದು ಕೊಚ್ಚಿಹೋದಾಗ, ಹರಿಯುವ ನೀರಿನಲ್ಲೇ ಉಕ್ಕಿನ ಹಲಗೆಗಳನ್ನು ಇಳಿಸಿ ಒಂದು ವಾರದಲ್ಲಿ ಬಾಯಿ ಮುಚ್ಚಿಸಿದವರೂ ಇವರೇ. ನಮ್ಮ ತುಂಗಭದ್ರೆಯೇ ಕೃಷ್ಣೆಯನ್ನು ಕೂಡಿ ವಿಜಯವಾಡಕ್ಕೆ ಬರುತ್ತಾಳೆಂಬುದನ್ನು ನೆನೆದರೆ, ಅವರು ನೀರಿನ ಹಿಂದೆಯೇ ಇಳಿದು ಬಂದರೆನ್ನಬೇಕು.

ಸಿಕ್ಕಿಕೊಂಡ ದೋಣಿಗಳನ್ನು ತೆಗೆಯುವುದು ಇನ್ನೂ ಕಷ್ಟವಾಯಿತು. ಕ್ರೇನುಗಳಿಗೆ ಅವು ಜಗ್ಗಲಿಲ್ಲ. ವಿಶಾಖಪಟ್ಟಣದಿಂದ ಮುಳುಗುಗಾರರು ಬಂದು ನೀರಿನೊಳಗೆ ಇಳಿದು ಉಕ್ಕನ್ನು ಕತ್ತರಿಸುವ ಕೆಲಸ ಹಿಡಿದರು. ಕೃಷ್ಣೆಯ ಕೆಸರುನೀರಿನಲ್ಲಿ ತನ್ನ ಕೈ ತನಗೆ ಕಾಣದು, ಸೆಳೆತವೋ ಎಳೆದೊಯ್ಯುವಂಥದು. ಕೊನೆಗೆ ಹಗ್ಗ, ಸರಪಣಿ, ಬೇರೆ ದೋಣಿಗಳ ನೆರವಿನಿಂದ ದಿನಗಟ್ಟಲೆ ಎಳೆದು ಒಂದೊಂದನ್ನಾಗಿ ಬದಿಗೆ ತಂದರು. ಅಲ್ಲಿ ಕೆಂಪು ಬಂಗಾರದ ಅಂಗಿ ಯಾರ ಮೈಮೇಲೂ ಇರಲಿಲ್ಲ. ತೆಲುಗಿನವರು ಇಂಥ ನುರಿತ ಈಜುಗಾರರನ್ನು "ಗಜ ಈತಗಾಳ್ಳು" ಎನ್ನುತ್ತಾರೆ. ಆನೆಯ ಬಲದವರೆಂಬ ಆ ಮಾತಿನಲ್ಲಿ ಇರುವ ಗೌರವ ಸಿನಿಮಾದ ಹೆಸರಿನಲ್ಲಿ ನಮಗೆ ಕಾಣದು.

ಇಷ್ಟೆಲ್ಲ ಅಂಗಿಗಳ ಮಾತಾಡಿದ ಮೇಲೆ, ಅಂಗಿಯೇ ಇಲ್ಲದೆ ಇಳಿಯುವವರ ಮಾತಾಡದಿದ್ದರೆ ತಪ್ಪಾದೀತು. ನಮ್ಮ ಮನೆಗಳ ಹಿತ್ತಿಲಲ್ಲಿ, ಬಾಡಿಗೆ ವಠಾರಗಳ ಅಂಗಳದಲ್ಲಿ ಸೆಪ್ಟಿಕ್ ಟ್ಯಾಂಕುಗಳಿವೆ. ಅವುಗಳಲ್ಲಿ ಕೂಡಿಕೊಳ್ಳುವ ಹೈಡ್ರೋಜನ್ ಸಲ್ಫೈಡ್ ಎಂಬ ಗಾಳಿ ಕೊಳೆತ ಮೊಟ್ಟೆಯ ವಾಸನೆಯದು. ಅದರ ಕಪಟವನ್ನು ಕೇಳಿ: ಹೆಚ್ಚಾದಾಗ ಅದು ಮೊದಲು ಮೂಗಿನ ಶಕ್ತಿಯನ್ನೇ ಕೊಲ್ಲುತ್ತದೆ. ವಾಸನೆ ಹೋಯಿತು, ಇನ್ನು ಭಯವಿಲ್ಲವೆಂದು ಇಳಿದವನು ಅಲ್ಲೇ ಕುಸಿಯುತ್ತಾನೆ. ಅವನನ್ನು ಎತ್ತಲು ತಮ್ಮನೋ ಮಗನೋ ಧುಮುಕುತ್ತಾನೆ. ಅವನೂ ಮೇಲೆ ಬರುವುದಿಲ್ಲ. ಒಂದೇ ಗುಂಡಿಯಲ್ಲಿ ಇಬ್ಬರು ಮೂವರು ಸತ್ತ ಸುದ್ದಿಯನ್ನು ಪತ್ರಿಕೆಗಳಲ್ಲಿ ನಾವು ಮತ್ತೆ ಮತ್ತೆ ಓದುತ್ತೇವೆ, ಪುಟ ಮಗುಚುತ್ತೇವೆ.

ರಕ್ಷಣೆಯ ಉಡುಪಿಲ್ಲದೆ ಯಾರನ್ನೂ ಇಂಥ ಗುಂಡಿಗೆ ಇಳಿಸಬಾರದೆಂದು ೨೦೧೩ರ ಕಾಯಿದೆ ಹೇಳುತ್ತದೆ. ಇಳಿಸಿದವರು ಮನೆಯ ಯಜಮಾನರಾದರೂ ಅಪರಾಧವೇ, ಎರಡು ವರ್ಷದವರೆಗೆ ಸೆರೆಯುಂಟು. ಹೀಗೆ ಸತ್ತವರ ಕುಟುಂಬಕ್ಕೆ ಹತ್ತು ಲಕ್ಷ ರೂಪಾಯಿ ಪರಿಹಾರ ಕೊಡಬೇಕೆಂದು ಸುಪ್ರೀಂ ಕೋರ್ಟು ೨೦೧೪ರಲ್ಲಿ ಹೇಳಿತ್ತು. ೨೦೨೩ರ ಅಕ್ಟೋಬರಿನಲ್ಲಿ ಅದನ್ನು ಮೂವತ್ತು ಲಕ್ಷಕ್ಕೆ ಏರಿಸಿತು. ಸರಕಾರಿ ಕಡತಗಳ ನಡುವೆ ಕೂದಲು ನರೆಯುತ್ತಿರುವ ನಾವು ಒಂದು ಮಾತು ಹೇಳಬಲ್ಲೆವು: ಪರಿಹಾರದ ಕಡತ ತೆರೆಯುವುದೆಂದರೆ ಕವಚದ ಕಡತ ಎಲ್ಲೋ ಮುಚ್ಚಿಹೋಗಿತ್ತೆಂದೇ ಅರ್ಥ.

ಮುನ್ನೂರು ಮೀಟರ್ ಆಳದಲ್ಲಿ ಮನುಷ್ಯನನ್ನು ಬೆಚ್ಚಗಿಡುವ ವಿದ್ಯೆ ಇದೇ ಊರಿನಲ್ಲಿದೆ. ಮೂರು ಮೀಟರಿನ ಗುಂಡಿಗೆ ಅದು ತಲುಪಿಲ್ಲ. ಕೊರತೆ ವಿದ್ಯೆಯದಲ್ಲ. ಆ ಗುಂಡಿಯ ಬಾಯಲ್ಲಿ ಹಗ್ಗ ಹಿಡಿದು "ಕ್ಷೇಮವೇ?" ಎಂದು ಕೇಳಬೇಕಾದವರು ಯಾರು? ಮನೆಯವರಾದ ನಾವೇ. ಆದ್ದರಿಂದ ವಾಚಕರಲ್ಲಿ ನಮ್ಮ ವಿನಂತಿ ಇಷ್ಟೇ. ಟ್ಯಾಂಕು ತುಂಬಿದಾಗ ಹೀರುವ ಯಂತ್ರದ ಗಾಡಿಯನ್ನೇ ಕರೆಸಿ. ನಾಲ್ಕು ಕಾಸು ಕಡಿಮೆಗೆ ಇಳಿಯುತ್ತೇನೆಂದು ಬಂದವರನ್ನು, ಅವರೇ ಒಪ್ಪಿದರೂ, ಇಳಿಸಬೇಡಿ. ಬಾಡಿಗೆ ಮನೆಯಾದರೆ ಮನೆಯೊಡೆಯರಿಗೆ ಮೊದಲೇ ಹೇಳಿಡಿ. ಅಕಸ್ಮಾತ್ ಯಾರಾದರೂ ಒಳಗೆ ಬಿದ್ದರೆ ನೀವು ಧುಮುಕದೆ, ಬೇರೆಯವರನ್ನೂ ಧುಮುಕಗೊಡದೆ, ಉಸಿರಿನ ಸಿಲಿಂಡರು ತರುವ ಅಗ್ನಿಶಾಮಕ ದಳವನ್ನು ಕೂಡಲೇ ೧೦೧ಕ್ಕೆ ಕರೆಯಿರಿ.

ರಜೆಯಲ್ಲಿ ಮಕ್ಕಳನ್ನು ಕುರ್ಸುರಾ ತೋರಿಸಲು ಕರೆದೊಯ್ಯುವ ತಂದೆತಾಯಿಗಳು ಇದೊಂದು ಮಾತನ್ನೂ ಅಲ್ಲಿ ಹೇಳಿದರೆ ಚೆನ್ನು. ಉಕ್ಕಿನ ಅಂಗಿ ನಿಜವಾಗಿಯೂ ಉಂಟು, ಮಗೂ. ಅದರ ಬೆನ್ನಿಗೆ ಒಂದು ಬಳ್ಳಿಯೂ ಉಂಟು, ಆ ಬಳ್ಳಿಯ ತುದಿಯಲ್ಲಿ ಕಣ್ಣು ಮುಚ್ಚದೆ ನಿಂತಿರುವ ಒಬ್ಬ ಮನುಷ್ಯನೂ ಉಂಟು. ಸಿನಿಮಾದವರು ಅವನನ್ನು ತೋರಿಸುವುದನ್ನು ಮರೆತಿದ್ದಾರೆ, ಅಷ್ಟೆ.